ನರಸಾಪುರದಲ್ಲಿ ಒಂದು ವರ್ಷ: ಒಬ್ಬ ಫಿಟ್ಟರ್ ಅಪ್ರೆಂಟಿಸ್‌ನ ಪ್ರಕರಣ

2024ರ ಸಂಕ್ರಾಂತಿ ಮುಗಿದ ಮರುದಿನ. ನಾನು ಕಲಿಸುವ ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ) ವರ್ಕ್‌ಶಾಪ್‌ನಲ್ಲಿ, ತುಂಡು ಬಿಗಿದು ಹಿಡಿಯುವ ವೈಸ್‌ಗಳಿಗೆ ಎಣ್ಣೆ ಹಾಕುತ್ತಿದ್ದೆ. ಹಿಂದಿನ ಬ್ಯಾಚ್‌ನ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಎಳ್ಳು-ಬೆಲ್ಲದ ಪೊಟ್ಟಣ. ಅವರಮ್ಮ ಕೊಟ್ಟು ಕಳಿಸಿದ್ದರು. ಅದನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ಕೇಳಿದ.

"ಸಾರ್, ಗೌರ್ಮೆಂಟ್ ದುಡ್ಡು ಸಾವಿರದೈನೂರು ಬರುತ್ತೆ ಅಂದಿದ್ರಲ್ಲ. ಮೂರು ತಿಂಗಳಾಯ್ತು. ಒಂದು ರೂಪಾಯೂ ಬಂದಿಲ್ಲ. ಕಂಪನಿಯವರು ತಿಂದುಬಿಟ್ರಾ ಸಾರ್?"

ಅವನು ಆಗ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್, ಅಂದರೆ ಕೆಲಸ ಕಲಿಯುವವನು. ತಿಂಗಳ ಸ್ಟೈಪೆಂಡ್‌ನಲ್ಲಿ ಸರ್ಕಾರದ ಪಾಲೂ ಒಂದಿತ್ತು. ಹೌದು, ಅದು ಬರುತ್ತೆ ಅಂತ ಹೇಳಿದ್ದು ನಾನೇ. ಹಾಗಾಗಿ ಆ ದುಡ್ಡಿನ ಜಾಡು ಹಿಡಿದು ಹೊರಟೆ. ಹುಡುಕುತ್ತಾ ಹೋದರೆ ಅದಕ್ಕಿಂತ ದೊಡ್ಡ ನಷ್ಟವೊಂದು ಬೇರೆ ಕಡೆ ಆಗುತ್ತಿತ್ತು. ಹುಡುಗನ ಹೆಸರು, ಊರು, ಕಂಪನಿ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅವನಿನ್ನೂ ಇದೇ ಕೋಲಾರ ಜಿಲ್ಲೆಯಲ್ಲಿ ಕೆಲಸ ಮಾಡಿಕೊಂಡು ಬದುಕಬೇಕು.

ಮನೆ

ಊರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನಮ್ಮ ಕಡೆ ಇದು ಮಾಮೂಲು. ಒಂದೂವರೆ ಎಕರೆ ಜಮೀನು, ಅದರ ಬದುವಿನಲ್ಲಿ ಹನ್ನೆರಡು ಮಾವಿನ ಮರ. ಎರಡು ಸೀಮೆಹಸು, ಬೆಳಗ್ಗೆ ಸಂಜೆ ಡೇರಿಗೆ ಹಾಲು. ಅಪ್ಪ ಕೋಲಾರದ ಎಪಿಎಂಸಿಯಲ್ಲಿ, ಟೊಮೆಟೊ ಮಂಡಿಯಲ್ಲಿ ಹಮಾಲಿ. ಅಕ್ಕ 2023ರಲ್ಲಿ ಬಿಕಾಂ ಮುಗಿಸಿ ಮನೆಯಲ್ಲಿದ್ದಳು.

ಆ ವರ್ಷದ ಜುಲೈ ನೆನಪಿದೆ ಅಲ್ವಾ? ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ಆ ಸೀಸನ್‌ನಲ್ಲಿ ಹುಡುಗ ಅಪ್ಪನ ಜೊತೆ ಮಂಡಿಗೆ ಹೋದ. ಬಾಕ್ಸ್ ಎತ್ತಿ, ಲಾರಿ ತುಂಬಿ, ದಿನಕ್ಕೆ 600 ತಂದದ್ದೂ ಉಂಟು. ತನ್ನ ಒಂದು ದಿನದ ಮೈಗೆ ಪೇಟೆಯಲ್ಲಿ ಎಷ್ಟು ಬೆಲೆ ಅಂತ ಅವನಿಗೂ ಗೊತ್ತಾಯಿತು, ಮನೆಯವರಿಗೂ ಗೊತ್ತಾಯಿತು. ಮುಂದೆ ನಡೆದದ್ದರಲ್ಲೆಲ್ಲ ಈ 600 ಒಂದು ಅಳತೆಗೋಲಿನ ಹಾಗೆ ಪಕ್ಕದಲ್ಲೇ ಇತ್ತು.

ಕಾಗದದ ಮೇಲಿನ ಯೋಜನೆ

ಅಕ್ಟೋಬರ್‌ನ ಎರಡನೇ ಸೋಮವಾರ ನಮ್ಮಲ್ಲಿ ಅಪ್ರೆಂಟಿಸ್ ಮೇಳ ನಡೆಯಿತು. ಕೋಲಾರದ ಹತ್ತಿರದ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಬಂದರು. ನಾಲ್ಕು ಜನ ಫಿಟ್ಟರ್ (ಯಂತ್ರದ ಭಾಗ ತಿದ್ದಿ ಕೂರಿಸುವ ಕೆಲಸ) ಹುಡುಗರನ್ನು ಆರಿಸಿದರು. ಒಂದು ವರ್ಷದ ಕರಾರು. ನಾವು ಗುಂಪು ಫೋಟೊ ತೆಗೆದೆವು, ನಾಲ್ವರಿಗೆ ಅಪ್ರೆಂಟಿಸ್‌ಶಿಪ್ ಸಿಕ್ಕಿದೆ ಅಂತ ವರದಿ ಕಳಿಸಿದೆವು. 16ನೇ ತಾರೀಕು ಹುಡುಗರು ಕೆಲಸಕ್ಕೆ ಸೇರಿದರು.

ಇದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ. ಎಲ್ಲರ ಬಾಯಲ್ಲಿ ನ್ಯಾಪ್ಸ್. 2016ರ ಆಗಸ್ಟ್‌ನಲ್ಲಿ ಶುರುವಾಯಿತು. ಅದರ ಬುನಾದಿ 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ, ಒಟ್ಟು ಕೆಲಸಗಾರರ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಾಂಟ್ರಾಕ್ಟ್ ಕೆಲಸಗಾರರೂ ಈ ಲೆಕ್ಕಕ್ಕೆ ಸೇರುತ್ತಾರೆ. ಆಗಿನ ದರದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಸ್ಟೈಪೆಂಡ್. ಅದರಲ್ಲಿ ಕಾಲು ಭಾಗವನ್ನು ಕೇಂದ್ರ ಸರ್ಕಾರ ಕೊಡುತ್ತದೆ, ಆದರೆ 1500 ದಾಟುವ ಹಾಗಿಲ್ಲ. ಮೊದಲೆಲ್ಲ ಕಂಪನಿ ಪೂರ್ತಿ ಕೊಟ್ಟು, ಆಮೇಲೆ ಸರ್ಕಾರದಿಂದ ತನ್ನ ದುಡ್ಡು ವಾಪಸ್ ಪಡೆಯುತ್ತಿತ್ತು. 2023ರ ಆಗಸ್ಟ್ 11ರಿಂದ ಸರ್ಕಾರದ ಪಾಲು ನೇರವಾಗಿ ಹುಡುಗರ ಖಾತೆಗೆ ಹಾಕುವ ಪದ್ಧತಿ ಬಂತು. ನಮ್ಮ ಹುಡುಗರು ಸೇರಿದ್ದು ಅದಾದ ಎರಡು ತಿಂಗಳಿಗೆ.

ಹುಡುಗನ ಕೈಗೆ ಬಂದ ಲೆಕ್ಕ ಹೀಗೆ. ಕಂಪನಿಯ ಪಾಲು 5500. ಕ್ಯಾಂಟೀನ್‌ಗೆ 600 ಹಿಡಿದುಕೊಂಡು 4900. ನರಸಾಪುರದಲ್ಲಿ ನಾಲ್ಕು ಜನ ಸೇರಿ ಹಿಡಿದ ರೂಮಿಗೆ ತಲಾ 1250. ರಾತ್ರಿ ಊಟ, ಮೊಬೈಲ್ ರೀಚಾರ್ಜ್, ಭಾನುವಾರ ಊರಿಗೆ ಬಸ್ ಚಾರ್ಜ್. ಅಮ್ಮ, ಅಕ್ಕ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ, ಇವನು ಕೊಡಬೇಕು. ಮನೆಗೆ 1000 ಕಳಿಸುವುದೇ ಕಷ್ಟ. ಅವನ ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುತ್ತಿದ್ದ ಕಾಂಟ್ರಾಕ್ಟ್ ಹುಡುಗನಿಗೆ ಸುಮಾರು ಎರಡರಷ್ಟು ಸಂಬಳ, ಮೇಲೆ ಪಿಎಫ್, ಇಎಸ್‌ಐ.

ಈ ವ್ಯತ್ಯಾಸ ಕಾನೂನಿನಲ್ಲೇ ಇದೆ. ಅಪ್ರೆಂಟಿಸ್ ಅಂದರೆ ಕಲಿಯುವವನು, ಕೆಲಸಗಾರ ಅಲ್ಲ ಅಂತ ಕಾಯ್ದೆ ಹೇಳುತ್ತದೆ. ಹಾಗಾಗಿ ಅವನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಕನಿಷ್ಠ ವೇತನವೂ ಇಲ್ಲ. ಕಂಪನಿಗೆ ಸಿಗುವ ನಿಜವಾದ ಸಬ್ಸಿಡಿ ಇದೇ. 1500 ರೂಪಾಯಿ ಅದರ ಮುಂದೆ ಚಿಲ್ಲರೆ. ಈ ರಿಯಾಯಿತಿ ಕೊಟ್ಟದ್ದು ಒಂದು ನಂಬಿಕೆಯ ಮೇಲೆ: ಕಂಪನಿ ಕಲಿಸುತ್ತದೆ, ಕಲಿಸುವುದಕ್ಕೆ ಖರ್ಚಾಗುತ್ತದೆ, ಅದಕ್ಕೆ ಸಂಬಳ ಕಮ್ಮಿ. ಕಲಿಸದೇ ಹೋದರೆ ಆ ಸಬ್ಸಿಡಿಯನ್ನು ಕೊಟ್ಟವರು ಯಾರು? ಶ್ರೀನಿವಾಸಪುರದ ಆ ಮನೆಯವರು.

ಒಟಿಪಿ

ಮೊದಲು ದುಡ್ಡಿನ ವಿಷಯ ನೋಡೋಣ ಅಂತ ಕೂತೆವು. ಸರ್ಕಾರದ ಪಾಲು ಬರುವುದು ಆಧಾರ್ ನಂಬರ್ ಹಿಡಿದು. ಕಂಪನಿಗೆ ಯಾವ ಖಾತೆ ಕೊಟ್ಟಿದ್ದೀವಿ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ದುಡ್ಡು ಹೋಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಯಾವ ಬ್ಯಾಂಕ್ ಅಂತ ಆಧಾರ್ ವೆಬ್‌ಸೈಟ್‌ನಲ್ಲೇ ನೋಡಬಹುದು, ಆದರೆ ಒಟಿಪಿ ಬೇಕು. ಹುಡುಗನ ಆಧಾರ್‌ಗೆ ಇದ್ದದ್ದು ಅಪ್ಪನ ಮೊಬೈಲ್ ನಂಬರ್. ಅಪ್ಪ ಮಂಡಿಯಲ್ಲಿದ್ದರು.

ಫೋನ್ ಮಾಡಿದೆವು. ಹಿಂದೆ ಹರಾಜಿನ ಕೂಗು ಜೋರಾಗಿತ್ತು. ಅಪ್ಪ ನಂಬರ್ ಓದಿದರು, ನಮಗೆ ನಾಲ್ಕು ಅಂಕಿ ಕೇಳಿಸಿತು, ಎರಡು ಕೇಳಿಸಲಿಲ್ಲ. ಮತ್ತೆ ಕಳಿಸಿದೆವು. ಈ ಸಲ ಅವರು ಹೊರಗೆ ಲಾರಿಗಳ ಸಂದಿಗೆ ಬಂದು, ಒಂದೊಂದೇ ಅಂಕಿಯನ್ನು ತೆಲುಗಿನಲ್ಲಿ ಹೇಳಿದರು. ಹೇಳಿ ಮುಗಿಸಿ ನನ್ನ ಜೊತೆ ಮಾತಾಡಬೇಕು ಅಂದರು.

"ಸಾರ್, ನೀವು ಹೇಳಿದ್ರಿ ಅಂತ ಕಳಿಸ್ದೆ. ಮೂರು ತಿಂಗಳಿಂದ ನೋಡ್ತಾ ಇದೀನಿ. ಮಂಡಿಗೆ ಬಂದಿದ್ರೆ ಇಷ್ಟೊತ್ತಿಗೆ ಒಂದು ಹಸು ತಗೋಬಹುದಿತ್ತು. ಹೇಳಿ ಸಾರ್, ಕರ್ಕೊಂಡು ಬಂದುಬಿಡ್ಲಾ?"

ಇನ್ನೊಂದು ತಿಂಗಳು ಟೈಮ್ ಕೊಡಿ ಅಂತ ಕೇಳಿದೆ. ಬೇರೇನು ಹೇಳಲಿಕ್ಕೂ ನನ್ನ ಹತ್ತಿರ ಇರಲಿಲ್ಲ.

ಜೋಡಣೆ ಆಗಿದ್ದು ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆರೆದ ಖಾತೆಗೆ. ವರ್ಷಗಟ್ಟಲೆ ವಹಿವಾಟಿಲ್ಲದೆ ಅದು ನಿಂತುಹೋಗಿತ್ತು. ಅಂದರೆ ಕಂಪನಿ ದುಡ್ಡು ತಿಂದಿರಲಿಲ್ಲ. ಹಾಗಂತ ಅಂದು ಖುಷಿಪಟ್ಟೆ. ಆದರೆ ವಿಷಯ ಅರ್ಧ ಮಾತ್ರ ಗೊತ್ತಾಗಿತ್ತು.

ಬೆಳಕಿಗೆ ಹಿಡಿದ ಗುಣಿಯ

ಆ ಒಟಿಪಿ ಗಲಾಟೆಯ ನಡುವೆ, ಕಾಯುವ ಹೊತ್ತಿಗೆ, ಅವನ ಕೈಗೆ ಒಂದು ಫೈಲ್, ಅಂದರೆ ಅರ, ಕೊಟ್ಟಿದ್ದೆ. ಹನ್ನೆರಡು ಇಂಚಿನ ಫ್ಲಾಟ್ ಫೈಲ್. ವೈಸ್‌ನಲ್ಲಿ ಒಂದು ಕಬ್ಬಿಣದ ತುಂಡು ಇತ್ತು. ಸುಮ್ನೆ ಉಜ್ಜುತ್ತಿರು ಅಂದೆ. ಫಿಟ್ಟರ್ ಟ್ರೇಡ್‌ಗೆ ಬಂದ ಹುಡುಗರಿಗೆ ನಾವು ಮೊದಲು ಕಲಿಸುವುದೇ ಇದನ್ನು. ಮಟ್ಟಸ ಮಾಡುವುದು. ಕೇಳುವುದಕ್ಕೆ ಸುಲಭ, ಕೈಗೆ ಬರುವುದಕ್ಕೆ ತಿಂಗಳುಗಳು ಬೇಕು. ಫೈಲ್ ಮುಂದೆ ಹೋಗುತ್ತಾ ಎಡಗೈಯ ಭಾರ ಕಮ್ಮಿಯಾಗಬೇಕು, ಬಲಗೈಯ ಭಾರ ಜಾಸ್ತಿಯಾಗಬೇಕು. ಸ್ವಲ್ಪ ತೂಗಿದರೂ ಅಂಚು ಹೆಚ್ಚು ಸವೆದು ನಡು ಉಬ್ಬುತ್ತದೆ.

ಬ್ಯಾಚ್‌ನಲ್ಲಿ ಇವನ ಫೈಲಿಂಗ್ ಎಲ್ಲರಿಗಿಂತ ಚೆನ್ನಾಗಿತ್ತು. ಅವನ ತುಂಡನ್ನು ಹೊಸಬರಿಗೆ ತೋರಿಸಲು ನಾನು ಕಪಾಟಿನಲ್ಲಿ ಇಟ್ಟುಕೊಂಡಿದ್ದೆ.

ಹತ್ತು ನಿಮಿಷ ಉಜ್ಜಿದ. ಅವನೇ ಗುಣಿಯ (ಮೂಲೆಮಟ್ಟ) ತೆಗೆದುಕೊಂಡ, ಅಂಚನ್ನು ತುಂಡಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಎರಡೂ ತುದಿಯಲ್ಲಿ ಬೆಳಕಿನ ಗೆರೆ ಕಾಣಿಸಿತು. ನಡುವೆ ಮಾತ್ರ ಕಪ್ಪು. ಅವನು ಏನೂ ಹೇಳಲಿಲ್ಲ. ಇನ್ನೊಮ್ಮೆ ಉಜ್ಜಿ, ಇನ್ನೊಮ್ಮೆ ಹಿಡಿದ. ಹಾಗೇ ಇತ್ತು.

"ಕೈ ಮರ್ತುಹೋಗಿದೆ ಸಾರ್."

"ಅಲ್ಲೇನು ಕೆಲಸ ಕೊಟ್ಟಿದ್ದಾರೆ ನಿನಗೆ?"

"ಪ್ಯಾಕಿಂಗ್ ಸಾರ್."

ಮೂರು ತಿಂಗಳಿಂದ ಪ್ಯಾಕಿಂಗ್. ಡಬ್ಬಕ್ಕೆ ಫೋಮ್ ಹಾಕುವುದು, ಮಾಲು ಇಡುವುದು, ಸ್ಟಿಕ್ಕರ್ ಅಂಟಿಸುವುದು, ಪಟ್ಟಿ ಬಿಗಿಯುವುದು. ಶಿಫ್ಟ್‌ಗೆ ಇಷ್ಟು ಡಬ್ಬ ಅಂತ ಟಾರ್ಗೆಟ್. ನಡುವೆ ಎರಡು ವಾರ ನೈಟ್ ಶಿಫ್ಟ್ ಕೂಡ. ದಿನದಿನದ ಕಲಿಕೆ ಬರೆಯುವ ಲಾಗ್‌ಬುಕ್ ಎಲ್ಲಿ ಅಂತ ಕೇಳಿದೆ. ಮೊಬೈಲ್‌ನಲ್ಲಿ ಫೋಟೊ ತೋರಿಸಿದ. ಎರಡು ತಿಂಗಳ ಪುಟಗಳು ಒಂದೇ ಪೆನ್ನಲ್ಲಿ, ಒಂದೇ ಓಟದಲ್ಲಿ ತುಂಬಿದ್ದವು. ಫೈಲಿಂಗ್ ಅಭ್ಯಾಸ, ಡ್ರಿಲ್ಲಿಂಗ್ ಅಭ್ಯಾಸ, ಮಾರ್ಕಿಂಗ್ ಅಭ್ಯಾಸ. ಅಕ್ಷರ ಅವನದೇ. ಸೂಪರ್‌ವೈಸರ್ ಹೇಳಿದರು, ಕೂತು ಬರೆದೆ ಅಂದ. ಕೆಳಗೆ ಸಹಿ ಸರಿಯಾಗಿತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಮೇಲೆ ಯೋಚನೆ ಮಾಡಿದೆ. ಮೂರು ತಿಂಗಳಲ್ಲಿ ನಮ್ಮಿಂದ ಒಬ್ಬರೂ ಹೋಗಿ ಆ ಹುಡುಗರು ಎಲ್ಲಿ ನಿಂತಿದ್ದಾರೆ ಅಂತ ನೋಡಿರಲಿಲ್ಲ. ನಾನೂ ಹೋಗಿರಲಿಲ್ಲ. ಕೋಲಾರದಿಂದ ನರಸಾಪುರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ ಕೂಡ ಆಗುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ

ಇಲ್ಲಿ ಕಾಯ್ದೆ ಹುಡುಗನ ಪರವಾಗಿಯೇ ಇದೆ. ಅವನ ಟ್ರೇಡ್‌ನಲ್ಲೇ ತರಬೇತಿ ಕೊಡಬೇಕು. ಮಾಲೀಕನಿಗೆ ಆ ಟ್ರೇಡ್ ಗೊತ್ತಿಲ್ಲದಿದ್ದರೆ ಗೊತ್ತಿರುವ, ಅರ್ಹತೆ ಇರುವ ಒಬ್ಬರನ್ನು ತರಬೇತಿಗೆ ಅಂತಲೇ ನೇಮಿಸಬೇಕು. ಕಲಿಕೆಯ ದಾಖಲೆ ಇಡಬೇಕು. ತರಬೇತಿಗೆ ಸಂಬಂಧ ಇಲ್ಲದ ಕೆಲಸಕ್ಕೆ ಹಚ್ಚಿದರೆ ದಂಡವಿದೆ. ಫಿಟ್ಟರ್‌ನಂಥ ಟ್ರೇಡ್‌ನ ಅಪ್ರೆಂಟಿಸ್‌ಗಳನ್ನು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕೆಲಸಕ್ಕೆ ಹಾಕಬೇಕಾದರೆ ಸರ್ಕಾರ ನೇಮಿಸಿದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಮೊದಲೇ ಪಡೆದಿರಬೇಕು. ಓವರ್‌ಟೈಮ್‌ಗೂ ಹಾಗೇ. ಸ್ಟೈಪೆಂಡ್‌ಅನ್ನು ಎಷ್ಟು ಪೀಸ್ ಮಾಡಿದ ಅನ್ನುವ ಲೆಕ್ಕದಲ್ಲಿ ಕೊಡುವಂತಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಕಂಪನಿಯದು. ಜಗಳ ಬಂದರೆ ಆ ಸಲಹೆಗಾರರ ಹತ್ತಿರ ಹೋಗಬಹುದು.

ಇದೆಲ್ಲ ಹುಡುಗನಿಗೆ ಗೊತ್ತಿರಲಿಲ್ಲ. ಕರಾರು ಇಂಗ್ಲಿಷ್‌ನಲ್ಲಿತ್ತು. ಅವನು ಅದನ್ನು ನೋಡಿದ್ದು ಆನ್‌ಲೈನ್‌ನಲ್ಲಿ ಒಪ್ಪಿಗೆ ಒತ್ತುವಾಗ ಒಂದೇ ಸಲ.

ಗೇಟಿನ ಒಳಗೆ

ಫೆಬ್ರವರಿ ಮೊದಲ ವಾರ ಪ್ರಿನ್ಸಿಪಾಲರಿಂದ ಪತ್ರ ತೆಗೆದುಕೊಂಡು ಹೋದೆ. ಎಚ್‌ಆರ್‌ನಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಹೆಣ್ಣುಮಗಳು ಇದ್ದರು. ಅವರೂ ಏಜೆನ್ಸಿ ಮೂಲಕ ಬಂದವರೇ. ಕೂರಿಸಿ, ಅಪ್ರೆಂಟಿಸ್‌ಶಿಪ್ ಪೋರ್ಟಲ್ ತೆರೆದು ತೋರಿಸಿದರು. ಕಂಪನಿ ತನ್ನ ಪಾಲು ಕೊಟ್ಟದ್ದನ್ನು ಪ್ರತಿ ತಿಂಗಳು ಅದರಲ್ಲಿ ದಾಖಲು ಮಾಡಿದರೆ ಮಾತ್ರ ಸರ್ಕಾರದ ಪಾಲು ಹೊರಡುತ್ತದೆ. ಮೊದಲ ಎರಡು ಸಲದ್ದು ದಾಖಲಾಗಿತ್ತು. ಅದು ಹುಡುಗನ ಸತ್ತ ಖಾತೆಗೆ ಹೋಗಿ ವಾಪಸಾಗಿತ್ತು. ಆಮೇಲೆ ಆ ಕೆಲಸ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದರು. ಅಲ್ಲಿಂದ ಯಾರೂ ದಾಖಲು ಮಾಡಿರಲಿಲ್ಲ. ಬರೀ ನಮ್ಮ ಹುಡುಗರದ್ದಲ್ಲ, ಎಲ್ಲ ಅಪ್ರೆಂಟಿಸ್‌ಗಳದ್ದೂ. ಅವರು ನನ್ನ ಎದುರಿಗೇ ಕೂತು ಶುರು ಮಾಡಿದರು. ಅವರಲ್ಲಿ ನನಗೆ ಯಾವ ಮೋಸವೂ ಕಾಣಲಿಲ್ಲ. ಒಬ್ಬರು ಕೆಲಸ ಬಿಟ್ಟರೆ ಅಷ್ಟೂ ಹುಡುಗರ ದುಡ್ಡು ನಿಲ್ಲುವ ಏರ್ಪಾಡು ಅದು.

ಪ್ರೊಡಕ್ಷನ್ ಕಡೆಯವರ ಮಾತು ಬೇರೆ ಥರ ಇತ್ತು. "ಆರ್ಡರ್ ಪ್ರೆಷರ್ ಸಾರ್. ಪ್ಯಾಕಿಂಗ್‌ಗೆ ಜನ ಸಿಗಲ್ಲ. ಈ ಹುಡುಗರು ಚುರುಕಾಗಿದ್ದಾರೆ." ಚುರುಕಾಗಿದ್ದಾರೆ ಅನ್ನುವುದಕ್ಕೇ ನೀವು ಅವರಿಗೆ ಯಂತ್ರ ಮುಟ್ಟಿಸಬೇಕು ಅಂದೆ. ಮಾತು ಸ್ವಲ್ಪ ಬಿಸಿಯಾಯಿತು.

ದಾರಿ ಮಾಡಿಕೊಟ್ಟವರು ಮೇಂಟೆನೆನ್ಸ್ ಫೋರ್‌ಮನ್. ಕೆಜಿಎಫ್‌ನವರು. ಅವರ ತಂದೆ ಚಿನ್ನದ ಗಣಿಯ ವರ್ಕ್‌ಶಾಪ್‌ನಲ್ಲಿ ಇದ್ದವರು, 2001ರಲ್ಲಿ ಗಣಿ ಮುಚ್ಚುವವರೆಗೆ. ಈ ಫೋರ್‌ಮನ್ ಕೂಡ ಅಪ್ರೆಂಟಿಸ್ ಆಗಿ ಶುರು ಮಾಡಿದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಹುಡುಗನ ಅಂಗೈ ತಿರುಗಿಸಿ ನೋಡಿದರು. "ಇದು ಫಿಟ್ಟರ್ ಕೈ ಅಲ್ಲಪ್ಪಾ, ಟೇಪ್ ಅಂಟಿಸೋ ಕೈ" ಅಂದರು. ಇಬ್ಬರನ್ನು ನಾನು ತಗೋತೀನಿ, ಅದಕ್ಕಿಂತ ಜಾಸ್ತಿ ನನ್ನಿಂದ ಆಗಲ್ಲ ಅಂದರು.

ಇಬ್ಬರು ಹೋದರು. ನಮ್ಮ ಹುಡುಗ ಅದರಲ್ಲಿ ಒಬ್ಬ.

ಮೊದಲ ತಿಂಗಳು ಅವರು ಕೊಟ್ಟ ಒಂದು ಕೆಲಸದ ಬಗ್ಗೆ ಹುಡುಗ ನನಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ. ಕನ್ವೇಯರ್‌ನ ಒಂದು ಶಾಫ್ಟ್‌ಗೆ ಕೀ ಮಾಡಿ ಕೂರಿಸಬೇಕಿತ್ತು. ಬೆರಳುದ್ದದ ಉಕ್ಕಿನ ತುಂಡು. ಶಾಫ್ಟ್‌ನಲ್ಲೂ ಪುಲ್ಲಿಯಲ್ಲೂ ಕೊರೆದ ಕಾಲುವೆಯಲ್ಲಿ ಅದು ಬಿಗಿಯಾಗಿ ಕೂತರೆ ಎರಡೂ ಒಟ್ಟಿಗೆ ತಿರುಗುತ್ತವೆ. ಮೊದಲನೆಯದನ್ನು ಜಾಸ್ತಿ ಉಜ್ಜಿದ, ಅಲ್ಲಾಡಿತು. ಫೋರ್‌ಮನ್ ಬೈಯಲಿಲ್ಲ, ಅದನ್ನು ಸ್ಕ್ರ್ಯಾಪ್ ಡಬ್ಬಿಗೆ ಹಾಕಿ ಇನ್ನೊಂದು ತುಂಡು ಕೊಟ್ಟರು. ಎರಡನೆಯದು ಒಂದು ತುದಿಯಲ್ಲಿ ಹಿಡಿಯಿತು. ಮೂರನೆಯದನ್ನು ಎರಡು ಸಲ ಉಜ್ಜುವುದು, ವರ್ನಿಯರ್ ಹಿಡಿದು ಅಳೆಯುವುದು, ನೀಲಿ ಬಣ್ಣ ಹಚ್ಚಿ ಕೂರಿಸಿ ಎಲ್ಲಿ ತಾಗುತ್ತೆ ನೋಡುವುದು. ಮಧ್ಯಾಹ್ನದ ಊಟ ಬಿಟ್ಟ. ಸಂಜೆ ತಾಮ್ರದ ಸುತ್ತಿಗೆಯಲ್ಲಿ ನಾಲ್ಕು ಮೆಲ್ಲನೆಯ ಏಟಿಗೆ ಕೀ ಒಳಗೆ ಹೋಯಿತು.

"ಸೌಂಡೇ ಬೇರೆ ಸಾರ್, ಸರಿಯಾಗಿ ಕೂತಾಗ" ಅಂದ. ನನಗೆ ಗೊತ್ತು ಆ ಸೌಂಡು.

ಮನೆಯ ಇನ್ನೊಂದು ಲೆಕ್ಕ

ಅದೇ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಸಿಕ್ಕಿತ್ತು. 2023ರಲ್ಲಿ ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಜಾಸ್ತಿ ಅಂದರೆ ಎರಡು ವರ್ಷ. ಐಟಿಐಗೆ ಇಲ್ಲ. ಅಕ್ಕನಿಗೆ 3000 ಬರತೊಡಗಿತು. ಅವಳಿಗೆ ಕೋಲಾರದಲ್ಲೇ ಆಫೀಸ್ ಕೆಲಸದ ಅಪ್ರೆಂಟಿಸ್ ಜಾಗ ಒಂದಿದೆ ಅಂತ ನಾನೇ ಹೇಳಿದ್ದೆ. ಆದರೆ ಅಪ್ರೆಂಟಿಸ್ ವೇತನ ಬಂದರೆ ಯುವನಿಧಿ ಇಲ್ಲ. ಮನೆಯಲ್ಲಿ ಕೂತು ಯೋಚಿಸಿದರು. ತಮ್ಮನ ದುಡ್ಡು ಬಾರದೆ ನಿಂತದ್ದನ್ನು ಕಣ್ಣಾರೆ ನೋಡಿದ್ದರು. ಅವಳು ಹೋಗಲಿಲ್ಲ. ಅವಳನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಕಡೆ ಖಾತ್ರಿ 3000, ಇನ್ನೊಂದು ಕಡೆ ಯಾವಾಗ ಬರುತ್ತೋ ಗೊತ್ತಿಲ್ಲದ ಜಾಸ್ತಿ ದುಡ್ಡು. ಬಡವರ ಮನೆ ಖಾತ್ರಿಯನ್ನೇ ಹಿಡಿಯುತ್ತದೆ.

ನಾಲ್ವರು

ನಾಲ್ವರಲ್ಲಿ ಒಬ್ಬ ಡಿಸೆಂಬರ್‌ನಲ್ಲೇ ಬಿಟ್ಟು ಮಂಡಿಗೆ ಹೋಗಿದ್ದ. ನನಗೆ ಅದು ಗೊತ್ತಾದದ್ದೇ ಫೆಬ್ರವರಿಯಲ್ಲಿ. ಇಬ್ಬರು ಫೋರ್‌ಮನ್ ಕೈಯಲ್ಲಿ ಎಂಟು ತಿಂಗಳು ಕಲಿತರು. ನಾಲ್ಕನೆಯವನು ಕೊನೆಯವರೆಗೂ ಪ್ಯಾಕಿಂಗ್‌ನಲ್ಲೇ ಉಳಿದ.

ವರ್ಷ ಮುಗಿದ ಮೇಲೆ ಅಖಿಲ ಭಾರತ ಟ್ರೇಡ್ ಟೆಸ್ಟ್. ಮೇಂಟೆನೆನ್ಸ್‌ನ ಇಬ್ಬರೂ ಪಾಸಾದರು, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಕ್ಕಿತು. ನಾಲ್ಕನೆಯವನು ಪ್ರಾಕ್ಟಿಕಲ್‌ನಲ್ಲಿ ಫೇಲಾದ. ಐಟಿಐಯಲ್ಲಿ ಅವನು ಇವರಿಗಿಂತ ಕಡಿಮೆ ಇರಲಿಲ್ಲ. ಅಂಕಪಟ್ಟಿ ತೆಗೆದು ನೋಡಿದೆ, ಮೂರು ಅಂಕ ಮುಂದೇ ಇದ್ದ. ಒಂದೇ ಕರಾರು, ಒಂದೇ 7000, ಒಂದೇ ಸರ್ಕಾರದ ಪಾಲು. ಫೋರ್‌ಮನ್ ಒಬ್ಬರು ಸಿಕ್ಕಿದ್ದು, ಸಿಗದಿದ್ದದ್ದು ಮಾತ್ರ ಬೇರೆ.

ನನ್ನ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಇಬ್ಬರಿಗೆ ದಾರಿ ಆಯಿತಲ್ಲ ಅಂತ ನಾನು ಲಿಖಿತ ದೂರು ಕೊಡಲಿಲ್ಲ. ಕೊಟ್ಟರೆ ಮುಂದಿನ ಮೇಳಕ್ಕೆ ಆ ಕಂಪನಿ ಬರುವುದಿಲ್ಲ ಅನ್ನುವ ಹೆದರಿಕೆ. ಕೊಟ್ಟಿದ್ದರೆ ನಾಲ್ಕನೆಯವನಿಗೂ ಏನಾದರೂ ಆಗುತ್ತಿತ್ತೇನೋ. ಬಾಯಿಮಾತಿನ ರಾಜಿ ಇಬ್ಬರಿಗೆ ಸಾಕಾಯಿತು, ನಾಲ್ಕನೆಯವನಿಗೆ ಸಾಲಲಿಲ್ಲ.

ಕಂಪನಿ ಯಾರನ್ನೂ ಕಾಯಂ ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳಲೇಬೇಕು ಅಂತ ಕಾಯ್ದೆಯಲ್ಲೂ ಇಲ್ಲ. ನಮ್ಮ ಹುಡುಗನಿಗೆ ಮಾಲೂರಿನ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ಕೆಲಸ ಸಿಕ್ಕಿತು, ಫೋರ್‌ಮನ್ ಮಾಡಿದ ಒಂದು ಫೋನಿನಿಂದ. ಅಪ್ಪ ಈಗ ಮಂಡಿಯ ಲೆಕ್ಕ ತೆಗೆಯುವುದಿಲ್ಲ.

ಸರ್ಕಾರದ ಪಾಲು ಹನ್ನೆರಡರಲ್ಲಿ ಹತ್ತು ತಿಂಗಳದ್ದು ಬಂತು. ಆಧಾರ್ ಜೋಡಣೆಯನ್ನು ಊರಿನ ಬ್ಯಾಂಕಿಗೆ ಬದಲಾಯಿಸಿದೆವು, ಕಂಪನಿ ಸ್ಟೈಪೆಂಡ್ ಹಾಕುವ ಖಾತೆಗೆ ಬೇಡ ಅಂದೆ. ಕೆಲಸ ಬಿಟ್ಟ ಮೇಲೆ ಆ ಖಾತೆ ಏನಾಗುತ್ತೋ ಯಾರಿಗೆ ಗೊತ್ತು. ವಾಪಸಾದ ಆ ಎರಡು ತಿಂಗಳ 3000 ಇನ್ನೂ ಬಂದಿಲ್ಲ. ಅದಕ್ಕೆ ಮೂರು ಪತ್ರ ಬರೆದಿದ್ದೇನೆ.

2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂದಾಗ ಹುಡುಗರು ಅದನ್ನೂ ಕೇಳಿಕೊಂಡು ಬಂದರು. ಆಗಿನ ನಿಯಮದಲ್ಲಿ 21ರಿಂದ 24 ವಯಸ್ಸಿನವರಿಗೆ, ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5000. ಅದರಲ್ಲಿ 4500 ಸರ್ಕಾರದ್ದೇ, ಕಂಪನಿಯದು 500. ಕಂಪನಿಯ ಕೈಯಿಂದ ಹೋಗುವುದು ಇಷ್ಟು ಕಮ್ಮಿ ಇರುವಾಗ, ಅಲ್ಲಿ ಕಲಿಸುವವರು ಯಾರು ಅಂತ ಇನ್ನೂ ಗಟ್ಟಿಯಾಗಿ ಕೇಳಬೇಕು ಅಂತ ನನಗನ್ನಿಸುತ್ತದೆ. ಬಂದ ಹುಡುಗರಿಗೆ ಅದನ್ನೇ ಹೇಳಿದೆ: ಸೇರು, ಆದರೆ ಮೊದಲ ವಾರವೇ ನಿನಗೆ ಕಲಿಸುವವರ ಹೆಸರು ಕೇಳಿಕೊಂಡು ಬಂದು ನನಗೆ ಹೇಳು.

ಈಗ ಕರಾರಿಗೆ ಮೊದಲು ನಾನು ಪ್ರತಿ ಹುಡುಗನ ಆಧಾರ್ ಜೋಡಣೆ ತೆಗೆದು ನೋಡುತ್ತೇನೆ. ಒಟಿಪಿಗೆ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆತರಲು ಹೇಳುತ್ತೇನೆ. ಅವರು ಬಂದಾಗ ಕರಾರಿನ ಮುಖ್ಯ ಮಾತುಗಳನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ, ಬೇಕಾದರೆ ತೆಲುಗಿನಲ್ಲೂ. ಇಪ್ಪತ್ತನೇ ದಿನದೊಳಗೆ ಒಂದು ಶನಿವಾರ ಕಾರ್ಖಾನೆಗೆ ಹೋಗುತ್ತೇನೆ. ಇದಕ್ಕೆ ಭತ್ಯೆ ಇಲ್ಲ, ಆದೇಶವೂ ಇಲ್ಲ. ಇರಬೇಕಿತ್ತು.

ಮಂಡಿಗೆ ಹೋದ ಹುಡುಗ ಕಳೆದ ಬೇಸಿಗೆಯಲ್ಲಿ ಎಪಿಎಂಸಿ ಗೇಟಿನ ಹತ್ತಿರ ಸಿಕ್ಕಿದ. ಹೆಗಲ ಮೇಲೆ ಟವೆಲ್, ಮೊಣಕೈಗೆ ಬಾಕ್ಸ್ ತಾಗಿ ಕಪ್ಪಾಗಿತ್ತು. ಟೀ ಕುಡಿಸಿದ, ದುಡ್ಡು ಕೊಡಲು ಬಿಡಲಿಲ್ಲ. ಹೊರಡುವಾಗ ಕೇಳಿದ.

"ಸಾರ್, ನನ್ನ ಫಿಟ್ಟರ್ ಸರ್ಟಿಫಿಕೇಟ್ ಇನ್ನೂ ನಡೆಯುತ್ತಾ?"

ನಡೆಯುತ್ತೆ ಅಂದೆ. ಸೋಮವಾರ ಅದನ್ನು, ಆಧಾರ್, ಪಾಸ್‌ಬುಕ್ ಎತ್ತಿಕೊಂಡು ಬಾ ಅಂದೆ. ಸೋಮವಾರ ಬರಲಿಲ್ಲ, ಮಂಡಿಯಲ್ಲಿ ಲೋಡ್ ಜಾಸ್ತಿ ಇತ್ತಂತೆ. ಗುರುವಾರ ಬಂದ. ವೈಸ್ ಖಾಲಿ ಇತ್ತು, ಫೈಲ್ ಕೊಟ್ಟೆ.